ಮಗುವಿನ ಕೈಗೆ ಯಾವ ಫೋನ್, ಅದಕ್ಕೆ ಯಾವ ಕಾವಲು: ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ ಒಂದು ಹೋಲಿಕೆ

ಜೂನ್‌ನಲ್ಲಿ ಶಾಲೆ ಶುರುವಾದರೆ ಸಾಕು, ವ್ಯಾನ್ ಕಾಯುವ ಜಾಗದಲ್ಲಿ ಅದೇ ಮಾತು. ಆರನೇ ಕ್ಲಾಸಿಗೆ ಫೋನ್ ಕೊಡಬಹುದಾ? ಕೊಟ್ಟರೆ ಯಾವ ಆಪ್ ಹಾಕಿದರೆ ಸೇಫ್? ಪಕ್ಕದ ಮನೆಯವರು ಕೊಟ್ಟಿದ್ದಾರಂತೆ, ನಮ್ಮವನು ಹಠ ಹಿಡಿದಿದ್ದಾನೆ, ಏನು ಮಾಡೋದು?

ಎಲ್ಲ ಮನೆಗೂ ಒಂದೇ ಉತ್ತರ ಇಲ್ಲ. ಬಸವನಗುಡಿಯಲ್ಲಿ ಅಜ್ಜಿ-ತಾತನ ಜೊತೆ ಇರುವ ಮಗುವಿನ ಸಂಜೆ ಒಂದು ತರಹ. ಅಪ್ಪ-ಅಮ್ಮ ಇಬ್ಬರೂ ಮಾರತ್‌ಹಳ್ಳಿ ಟ್ರಾಫಿಕ್ ದಾಟಿ ರಾತ್ರಿ ಎಂಟಕ್ಕೆ ಮನೆ ಸೇರುವ ಮಗುವಿನ ಸಂಜೆ ಇನ್ನೊಂದು ತರಹ. ಹಾಗಾಗಿ ಇಲ್ಲಿ ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಎಲ್ಲದಕ್ಕೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಏನಾದರೂ ಎಡವಟ್ಟಾದ ದಿನ ಮಗು ಬಂದು ನಮಗೆ ಹೇಳುತ್ತಾ? ಹೇಳುವ ಧೈರ್ಯ ಕೊಡುವ ಆಯ್ಕೆ ಒಳ್ಳೆಯದು. ಆ ಧೈರ್ಯ ಕಸಿಯುವ ಆಯ್ಕೆ ಎಷ್ಟೇ ಬಿಗಿಯಾಗಿದ್ದರೂ ನನಗೆ ಬೇಡ.

ಅಮ್ಮನ ಫೋನ್, ಬಟನ್ ಫೋನ್, ಸ್ವಂತ ಸ್ಮಾರ್ಟ್‌ಫೋನ್

ಹೆಚ್ಚಿನ ಮನೆಗಳಲ್ಲಿ ಮಗುವಿನ ಮೊದಲ ಫೋನ್ ಅಮ್ಮನ ಫೋನೇ. ದುಡ್ಡು ಖರ್ಚಿಲ್ಲ, ಕಣ್ಣೆದುರಿಗೇ ಇರುತ್ತದೆ, ಅಮ್ಮ ಕೇಳಿದಾಗ ವಾಪಸ್ ಕೊಡಲೇಬೇಕು. ಹತ್ತು ವರ್ಷದವರೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಕಂಡಿಲ್ಲ. ಆದರೆ ಆ ಫೋನಿನಲ್ಲಿ ಅಮ್ಮನ ಇಡೀ ಪ್ರಪಂಚ ಇದೆ. ಫೋನ್‌ಪೇ, ಗೂಗಲ್ ಪೇ, ಬ್ಯಾಂಕಿನ ಓಟಿಪಿ, ಆಫೀಸಿನ ಮೇಲ್, ಜೊತೆಗೆ ನೆಂಟರ ಗ್ರೂಪಿನಲ್ಲಿ ಬಂದು ಬೀಳುವ ಅಪಘಾತದ ವಿಡಿಯೋಗಳು. ಯಾರೋ ಚಿಕ್ಕಪ್ಪ ‘ಎಲ್ಲರಿಗೂ ಕಳಿಸಿ’ ಎಂದು ಹಾಕಿದ ಭಯಾನಕ ವಿಡಿಯೋ ತಾನಾಗಿಯೇ ಡೌನ್‌ಲೋಡ್ ಆಗಿ ಗ್ಯಾಲರಿಯಲ್ಲಿ ಕೂತಿರುತ್ತದೆ. ಮಗು ತನ್ನ ಬರ್ತ್‌ಡೇ ಫೋಟೋ ಹುಡುಕುತ್ತಾ ಅಲ್ಲಿಗೆ ಹೋಗುತ್ತದೆ.

ಅದಕ್ಕೆ ಕೆಲವು ಸಣ್ಣ ಕೆಲಸಗಳಿವೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ತೆರೆಯಿರಿ. ಅಲ್ಲಿ ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ಪೂರ್ತಿ ನಿಲ್ಲಿಸಿ. ಚಾಟ್ಸ್ ಭಾಗದಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿದರೆ ಮುಂದೆ ಬರುವ ಚಿತ್ರಗಳು ಗ್ಯಾಲರಿಗೆ ಬರುವುದಿಲ್ಲ. ದೊಡ್ಡವರ ಮಾತು ಇರುವ ಚಾಟ್‌ಗಳಿಗೆ ‘ಚಾಟ್ ಲಾಕ್’ ಹಾಕಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ‘ನನ್ನ ಮಗಳೇ ಹಾಲಿನವರಿಗೆ ದುಡ್ಡು ಹಾಕ್ತಾಳೆ’ ಎಂದು ಹೆಮ್ಮೆಯಿಂದ ಹೇಳುವವರನ್ನು ನೋಡಿದ್ದೇನೆ. ಅದೇ ಪಿನ್ ಗೇಮ್‌ನ ಡೈಮಂಡ್ ಖರೀದಿಗೂ ಸಾಕು, ಅಲ್ವಾ? ಇನ್ನು ಆಂಡ್ರಾಯ್ಡ್‌ನಲ್ಲಿ ‘ಆಪ್ ಪಿನ್ನಿಂಗ್’, ಐಫೋನ್‌ನಲ್ಲಿ ‘ಗೈಡೆಡ್ ಆಕ್ಸೆಸ್’ ಎಂಬ ಸೌಲಭ್ಯ ಇದೆ. ಒಂದು ಆಪ್ ತೆರೆದು ಇದನ್ನು ಹಾಕಿ ಕೊಟ್ಟರೆ ಲಾಕ್ ತೆಗೆಯದೆ ಬೇರೆ ಕಡೆ ಹೋಗಲಾಗದು. ಚಿಕ್ಕ ಮಕ್ಕಳಿಗೆ ಇಷ್ಟೇ ಬೇಕಾದಷ್ಟಾಯಿತು.

ಬಟನ್ ಫೋನ್ ಬೇಕಾಗುವುದು ಮಗು ಒಬ್ಬೊಬ್ಬನೇ ಓಡಾಡಲು ಶುರು ಮಾಡಿದಾಗ. ಟ್ಯೂಷನ್ ಮುಗಿಸಿ ಬಿಎಂಟಿಸಿ ಬಸ್ಸಿನಲ್ಲಿ ವಿಜಯನಗರಕ್ಕೆ ಬರುವ ಏಳನೇ ಕ್ಲಾಸಿನ ಹುಡುಗನಿಗೆ ‘ಬಸ್ ಸಿಕ್ತು ಅಮ್ಮಾ’ ಎನ್ನಲು ಬಟನ್ ಫೋನ್ ಸಾಕು. ಕೊಳ್ಳುವಾಗ ಒಂದು ವಿಷಯ ನೋಡಿ. ಈಗಿನ ಕೆಲವು ಬಟನ್ ಫೋನ್‌ಗಳಲ್ಲಿ ಯೂಟ್ಯೂಬ್, ಬ್ರೌಸರ್ ಎಲ್ಲ ಇರುತ್ತವೆ. ಮಾತಾಡಲು ಮಾತ್ರ ಬೇಕೆಂದರೆ ಅಂಥದ್ದನ್ನೇ ಕೇಳಿ ತೆಗೆದುಕೊಳ್ಳಿ, ಸಿಮ್‌ಗೆ ಡೇಟಾ ಇಲ್ಲದ ಪ್ಲಾನ್ ಹಾಕಿಸಿ.

ಸ್ವಂತ ಸ್ಮಾರ್ಟ್‌ಫೋನ್ ಎಂಟು-ಒಂಬತ್ತನೇ ಕ್ಲಾಸಿನವರೆಗೆ ತಡೆಯಲು ಆದರೆ ತಡೆಯಿರಿ ಎನ್ನುವುದು ನನ್ನ ಅಭಿಪ್ರಾಯ. ಕ್ಲಾಸಿನ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಟ್ಟಿಗೆ ತಡೆದರೆ ‘ಎಲ್ಲರ ಹತ್ರಾನೂ ಇದೆ’ ಎಂಬ ಮಾತಿಗೆ ಬಲ ಇರುವುದಿಲ್ಲ. ಎಷ್ಟು ಹೊತ್ತು ಎಂಬುದಕ್ಕೆ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅಳತೆ ಕೊಟ್ಟಿದೆ. 2 ವರ್ಷದೊಳಗೆ ಸ್ಕ್ರೀನ್ ಬೇಡ, ಅಪರೂಪಕ್ಕೆ ವಿಡಿಯೋ ಕಾಲ್ ಪರವಾಗಿಲ್ಲ. 2ರಿಂದ 5 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. 5ರಿಂದ 10 ವರ್ಷಕ್ಕೆ 2 ಗಂಟೆಯೊಳಗೆ. ಅದಕ್ಕಿಂತ ದೊಡ್ಡವರಿಗೆ ನಿದ್ದೆ, ಓದು, ಆಟ ಕೆಡದ ಹಾಗೆ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮೊದಲು ಹುಟ್ಟಿದ ದಿನಾಂಕ

ಆಪ್‌ಗಳ ಹೋಲಿಕೆಗೆ ಮುಂಚೆ ಇದನ್ನು ಹೇಳಲೇಬೇಕು. ಜೀಮೇಲ್ ಮಾಡುವಾಗ, ಇನ್‌ಸ್ಟಾಗ್ರಾಮ್ ತೆರೆಯುವಾಗ ‘ವಯಸ್ಸು ಸಾಲಲ್ಲ’ ಎಂದು ಬರುತ್ತದೆ. ಆಗ ನಾವೇ ಮಗುವಿನ ಪಕ್ಕ ಕೂತು ಅಪ್ಪನ ಹುಟ್ಟಿದ ವರ್ಷ ಹಾಕಿಬಿಡುತ್ತೇವೆ. ಕೆಲಸ ಆಗುತ್ತದೆ. ಆದರೆ ಆ ಕ್ಷಣದಿಂದ ಕಂಪನಿಯ ಲೆಕ್ಕದಲ್ಲಿ ಆ ಮಗು ನಲವತ್ತು ವರ್ಷದ ಗಂಡಸು. ಮಕ್ಕಳಿಗೆಂದು ಅವರು ಇಟ್ಟಿರುವ ಯಾವ ರಕ್ಷಣೆಯೂ ಆ ಖಾತೆಗೆ ಅನ್ವಯಿಸುವುದಿಲ್ಲ.

ಉದಾಹರಣೆಗೆ ಇನ್‌ಸ್ಟಾಗ್ರಾಮ್ ನೋಡಿ. ಅದರ ‘ಟೀನ್ ಅಕೌಂಟ್’ 2025ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂತು. 13ರಿಂದ 17ರ ಮಕ್ಕಳ ಖಾತೆ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. ಪರಿಚಯವಿಲ್ಲದವರು ಮೆಸೇಜ್ ಮಾಡಲಾಗದು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16ರ ಒಳಗಿನವರು ಈ ಕಟ್ಟನ್ನು ಸಡಿಲಿಸಬೇಕಾದರೆ ಅಪ್ಪನೋ ಅಮ್ಮನೋ ಒಪ್ಪಬೇಕು. ಇಷ್ಟೆಲ್ಲ ಸಿಗುವುದು ನಿಜವಾದ ವಯಸ್ಸು ಹಾಕಿದ ಮಗುವಿಗೆ ಮಾತ್ರ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. ಸುಳ್ಳು ವಯಸ್ಸಿನ ಖಾತೆಗೆ ಇದರ ಪ್ರಯೋಜನ ಸಿಗುವುದು ಕಷ್ಟ. ಗೂಗಲ್‌ನಲ್ಲಿ ಸ್ವಂತ ಖಾತೆಗೆ ಭಾರತದಲ್ಲಿ 13 ತುಂಬಿರಬೇಕು, ವಾಟ್ಸಾಪ್‌ಗೂ 13. ತುಂಬಿಲ್ಲವೆಂದರೆ ಕಾಯಿರಿ. ಗೂಗಲ್‌ನಲ್ಲಾದರೆ ಪೋಷಕರ ಕೈಕೆಳಗಿನ ಖಾತೆಯನ್ನೇ ಮಾಡಿ.

ಫ್ಯಾಮಿಲಿ ಲಿಂಕ್, ಸ್ಕ್ರೀನ್ ಟೈಮ್, ವೈಫೈ

ಮಗುವಿನ ಕೈಲಿ ಸ್ವಂತ ಆಂಡ್ರಾಯ್ಡ್ ಫೋನ್ ಅಥವಾ ಟ್ಯಾಬ್ ಇದ್ದರೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ. ಉಚಿತ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಫೋನ್ ಮಲಗಬೇಕು, ಯಾವ ಆಪ್ ಹಾಕಬಹುದು ಎಂಬುದನ್ನೆಲ್ಲ ನೀವು ಆಫೀಸಿನಲ್ಲಿ ಕೂತೇ ತೀರ್ಮಾನಿಸಬಹುದು. ಹೊಸ ಆಪ್ ಬೇಕೆಂದರೆ ನಿಮಗೆ ಕೋರಿಕೆ ಬರುತ್ತದೆ. ಶಾಲೆ ಹೊತ್ತಿನಲ್ಲಿ ಬೇಡದ ಆಪ್‌ಗಳನ್ನು ತಡೆಯುವ ‘ಸ್ಕೂಲ್ ಟೈಮ್’ ಕೂಡ ಇದೆ. ನಿಮ್ಮದು ಐಫೋನ್ ಆದರೂ ತೊಂದರೆ ಇಲ್ಲ, ಅದರಿಂದಲೂ ನಡೆಸಬಹುದು. ಒಂದು ಮಾತು ನೆನಪಿರಲಿ. ಇದು ಮೆಸೇಜ್ ಓದುವುದಿಲ್ಲ, ವಾಟ್ಸಾಪ್ ಒಳಗೆ ಏನು ನಡೆಯುತ್ತಿದೆ ಎಂದು ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಅದೇ ಸರಿ. ಏಕೆಂದು ಮುಂದೆ ಹೇಳುತ್ತೇನೆ.

ಐಫೋನ್, ಐಪ್ಯಾಡ್ ಆದರೆ ಆಪಲ್‌ನ ಸ್ಕ್ರೀನ್ ಟೈಮ್. ಬೇರೆ ಆಪ್ ಹಾಕುವ ಅಗತ್ಯವಿಲ್ಲ, ಫೋನಿನೊಳಗೇ ಇರುತ್ತದೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಕಮ್ಯುನಿಕೇಶನ್ ಸೇಫ್ಟಿ’. ಮಗುವಿಗೆ ಮೆಸೇಜಸ್ ಆಪ್‌ನಲ್ಲಿ ಬೆತ್ತಲೆ ಚಿತ್ರ ಬಂದರೆ, ಅಥವಾ ಮಗುವೇ ಕಳಿಸಲು ಹೋದರೆ, ಫೋನ್ ಅದನ್ನು ಮಸುಕು ಮಾಡಿ ಎಚ್ಚರಿಸುತ್ತದೆ. ಇದರ ತೊಡಕು ಏನೆಂದರೆ ಅಪ್ಪ-ಅಮ್ಮನ ಹತ್ತಿರವೂ ಆಪಲ್ ಇದ್ದರೆ ಮಾತ್ರ ದೂರದಿಂದ ನಿಭಾಯಿಸಲು ಸಾಧ್ಯ. ಇಲ್ಲದಿದ್ದರೆ ಮಗುವಿನ ಫೋನಿನಲ್ಲೇ ಪಾಸ್‌ಕೋಡ್ ಹಾಕಿ ಕೂರಿಸಬೇಕು. ಆ ನಾಲ್ಕು ಅಂಕಿಗಳನ್ನು ಒತ್ತುವಾಗ ಮಗು ಬೆರಳನ್ನೇ ನೋಡುತ್ತಿರುತ್ತದೆ, ಹುಷಾರು.

ಮೂರನೆಯದು ಮನೆಯ ವೈಫೈಯನ್ನೇ ಸೋಸುವುದು. ಆಕ್ಟ್, ಏರ್‌ಟೆಲ್, ಜಿಯೋ ಯಾರದೇ ಲೈನ್ ಇರಲಿ, ರೌಟರ್‌ನಲ್ಲಿ ಡಿಎನ್ಎಸ್ (ತಾಣದ ಹೆಸರು ನೋಡಿ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಲು ಬಿಟ್ಟರೆ ಅಲ್ಲಿ 1.1.1.3 ಮತ್ತು 1.0.0.3 ಎಂದು ಹಾಕಿ. ಇದು ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಕುಟುಂಬಗಳಿಗೆಂದೇ ಶುರು ಮಾಡಿದ ಉಚಿತ ಸೇವೆ. ಅಶ್ಲೀಲ ತಾಣಗಳನ್ನು, ವೈರಸ್ ಹರಡುವ ತಾಣಗಳನ್ನು ಹೆಸರಿನ ಮಟ್ಟದಲ್ಲೇ ತಡೆಯುತ್ತದೆ. ಟಿವಿ, ಲ್ಯಾಪ್‌ಟಾಪ್, ಅಜ್ಜಿಯ ಫೋನ್ ಎಲ್ಲಕ್ಕೂ ಒಂದೇ ಸಲಕ್ಕೆ ಆಗುತ್ತದೆ. ಆದರೆ ಇದು ಮನೆ ಕಿಟಕಿಗೆ ಹಾಕಿಸಿದ ಸೊಳ್ಳೆ ಪರದೆಯ ಹಾಗೆ, ಮನೆಯೊಳಗೆ ಮಾತ್ರ ಕಾಯುತ್ತದೆ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿದರೆ, ಇಂಟರ್ನೆಟ್‌ಗೆ ಬೇರೆ ದಾರಿಯಿಂದ ಕರೆದೊಯ್ಯುವ ವಿಪಿಎನ್ ಹಾಕಿದರೆ ಇದರ ಆಟ ಮುಗಿಯಿತು. ಯೂಟ್ಯೂಬ್ ಒಳಗಿನ ಕೆಟ್ಟ ವಿಡಿಯೋವನ್ನೂ ಇದು ತಡೆಯಲಾರದು.

ಒಂದೇ ಆರಿಸಿ ಎಂದರೆ ಸ್ವಂತ ಫೋನ್ ಇರುವ ಮಗುವಿಗೆ ಫ್ಯಾಮಿಲಿ ಲಿಂಕ್ ಅಥವಾ ಸ್ಕ್ರೀನ್ ಟೈಮ್. ಫೋನ್ ಇಲ್ಲದ ಚಿಕ್ಕ ಮಗುವಿನ ಮನೆಗೆ ವೈಫೈ ಸೋಸುವುದು. ಎರಡೂ ಒಟ್ಟಿಗೆ ಹಾಕಿದರೂ ನಷ್ಟವಿಲ್ಲ. ಪೇಯ್ಡ್ ಆಪ್‌ಗಳು ಬೇಕಾದಷ್ಟಿವೆ. ಉಚಿತವಾಗಿ ಸಿಗುವುದನ್ನು ಸರಿಯಾಗಿ ಬಳಸಿ ನೋಡದೆ ಅವುಗಳಿಗೆ ದುಡ್ಡು ಸುರಿಯಬೇಡಿ.

ಯೂಟ್ಯೂಬ್ ಯಾವ ರೂಪದಲ್ಲಿ

ಎಂಟು ವರ್ಷದೊಳಗೆ ಯೂಟ್ಯೂಬ್ ಕಿಡ್ಸ್. ಅದರಲ್ಲೂ ‘ನಾನು ಒಪ್ಪಿದ್ದು ಮಾತ್ರ’ ಎಂಬ ಆಯ್ಕೆ ಇದೆ. ನೀವು ಆರಿಸಿದ ಚಾನೆಲ್ ಬಿಟ್ಟು ಬೇರೇನೂ ಬರುವುದಿಲ್ಲ, ಹುಡುಕಲೂ ಆಗದು. ಒಂಬತ್ತು ದಾಟಿದ ಮಕ್ಕಳು ಅದನ್ನು ‘ಪಾಪು ಆಪ್’ ಎಂದು ತಳ್ಳಿಬಿಡುತ್ತಾರೆ. ಅವರಿಗೆ ಯೂಟ್ಯೂಬ್‌ನಲ್ಲೇ ಪೋಷಕರು ಮೇಲ್ವಿಚಾರಣೆ ಮಾಡುವ ಖಾತೆ ಇದೆ. ಸುಮಾರು 9 ದಾಟಿದವರಿಗೆ ಒಂದು ಮಟ್ಟ, 13 ದಾಟಿದವರಿಗೆ ಇನ್ನೊಂದು, ಆಮೇಲೆ ಬಹುಪಾಲು ಎಲ್ಲವೂ ಸಿಗುವ ಮೂರನೆಯದು. ಎಲ್ಲರೂ ಮರೆಯುವುದು ಹಾಲ್‌ನಲ್ಲಿರುವ ಸ್ಮಾರ್ಟ್ ಟಿವಿಯನ್ನು. ಅದರಲ್ಲಿ ಅಪ್ಪನ ಖಾತೆ ಲಾಗಿನ್ ಆಗಿರುತ್ತದೆ, ಅಪ್ಪ ನೋಡಿದ್ದರ ಆಧಾರದ ಮೇಲೆ ಮಗುವಿಗೆ ವಿಡಿಯೋ ಬರುತ್ತವೆ. ದೊಡ್ಡವರ ವಿಡಿಯೋಗಳನ್ನು ಸೋಸುವ ‘ರಿಸ್ಟ್ರಿಕ್ಟೆಡ್ ಮೋಡ್’ ಒಂದೊಂದು ಸಾಧನಕ್ಕೂ ಬೇರೆ ಬೇರೆ ಹಾಕಬೇಕು. ಫೋನಿನಲ್ಲಿ ಹಾಕಿದರೆ ಟಿವಿಗೆ ತಾನಾಗಿ ಬರುವುದಿಲ್ಲ.

ಹೇಳಿ ನೋಡುವುದೋ, ಕದ್ದು ನೋಡುವುದೋ

ಎಲ್ಲ ಆಯ್ಕೆಗಳಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ.

ನಮ್ಮ ಬಿಲ್ಡಿಂಗ್‌ನಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಅವಳ ಅಮ್ಮ ಗಾಬರಿಯಿಂದ, ಒಂದು ರಾತ್ರಿ ಮಗಳು ಮಲಗಿದ ಮೇಲೆ ಅವಳ ವಾಟ್ಸಾಪನ್ನು ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡರು. ದಿನಾ ಆಫೀಸಿನಲ್ಲಿ ಕೂತು ಮಗಳ ಚಾಟ್ ಓದುತ್ತಿದ್ದರು. ಸಿಕ್ಕಿದ್ದೇನು? ಹೋಮ್‌ವರ್ಕ್, ಸ್ಟಿಕ್ಕರ್, ಮಿಸ್ ಬಗ್ಗೆ ಒಂದಿಷ್ಟು ಗೊಣಗಾಟ. ಒಂದು ಸಂಜೆ ಹುಡುಗಿ ಸುಮ್ನೆ ಸೆಟ್ಟಿಂಗ್ಸ್ ನೋಡುತ್ತಾ ‘ಲಿಂಕ್ಡ್ ಡಿವೈಸಸ್’ ಒತ್ತಿದಳು. ಅಲ್ಲಿ ಅಮ್ಮನ ಲ್ಯಾಪ್‌ಟಾಪ್ ಕಂಡಿತು. ಅವಳು ಜಗಳ ಆಡಲಿಲ್ಲ. ಗೆಳತಿಯರ ಜೊತೆಗಿನ ಮಾತನ್ನೆಲ್ಲ ಸ್ನ್ಯಾಪ್‌ಚಾಟ್‌ಗೆ ಸಾಗಿಸಿದಳು, ವಾಟ್ಸಾಪ್‌ನಲ್ಲಿ ಹೋಮ್‌ವರ್ಕ್ ಮಾತ್ರ ಉಳಿಯಿತು. ಅಮ್ಮನಿಗೆ ಮಗಳು ಸುಧಾರಿಸಿದ್ದಾಳೆ ಅನಿಸಿತು. ವಿಷಯ ಹೊರಗೆ ಬಂದದ್ದು ತಿಂಗಳುಗಳ ಮೇಲೆ. ಅಷ್ಟರಲ್ಲಿ ತಾಯಿ-ಮಗಳ ನಡುವೆ ಮಾತು ಕಮ್ಮಿಯಾಗಿತ್ತು.

ಕದ್ದು ನೋಡುವುದರಿಂದ ಎರಡು ನಷ್ಟ. ಸಿಕ್ಕಿಬಿದ್ದ ದಿನ ನಂಬಿಕೆ ಹೋಗುತ್ತದೆ. ಸಿಕ್ಕಿಬೀಳದಿದ್ದರೂ, ಕದ್ದು ಓದಿದ ವಿಷಯವನ್ನು ಮಗುವಿನ ಹತ್ತಿರ ಹೇಗೆ ಎತ್ತುತ್ತೀರಿ? ಇನ್ನು ಮಗುವಿಗೆ ಗೊತ್ತಾಗದಂತೆ ಎಲ್ಲವನ್ನೂ ತೋರಿಸುತ್ತೇವೆ ಎನ್ನುವ ಪತ್ತೇದಾರಿ ಆಪ್‌ಗಳ ಕತೆಯೇ ಬೇರೆ. ಬಹಳಷ್ಟನ್ನು ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಬೇಕು, ಫೋನಿನ ಎಲ್ಲ ಬೀಗದ ಕೈಯನ್ನೂ ಅವಕ್ಕೆ ಒಪ್ಪಿಸಬೇಕು. ಮಗುವಿನ ಫೋಟೋ, ಚಾಟ್, ಓಡಾಟದ ವಿವರ ಎಲ್ಲೋ ಯಾರದೋ ಸರ್ವರ್‌ಗೆ ಹೋಗುತ್ತದೆ. ಇಂಥ ಆಪ್‌ಗಳ ಸರ್ವರ್‌ನಿಂದಲೇ ಮಾಹಿತಿ ಸೋರಿದ ಪ್ರಕರಣಗಳು ಒಂದೆರಡಲ್ಲ. ದಯವಿಟ್ಟು ಇವು ಬೇಡ.

ಹೇಳಿ ನೋಡುವುದು ಎಂದರೆ ಹೀಗೆ. ಫೋನ್ ಕೊಡುವ ದಿನವೇ ಮಗುವನ್ನು ಪಕ್ಕ ಕೂರಿಸಿಕೊಂಡು ಎಲ್ಲ ಸೆಟ್ಟಿಂಗ್ ಇಬ್ಬರೂ ಸೇರಿ ಹಾಕಿ. ‘ನೋಡು ಪುಟ್ಟಾ, ನೀನು ಎಷ್ಟು ಹೊತ್ತು ನೋಡಿದೆ ಅಂತ ನನಗೆ ಗೊತ್ತಾಗುತ್ತೆ, ಏನು ಮಾತಾಡಿದೆ ಅಂತ ಗೊತ್ತಾಗಲ್ಲ’ ಎಂದು ಬಾಯಿಬಿಟ್ಟು ಹೇಳಿ. ವಾಟ್ಸಾಪ್‌ನ ಪ್ರೈವೆಸಿಯಲ್ಲಿ ‘ಗ್ರೂಪ್ಸ್’ ತೆರೆದು, ಯಾರು ಸೇರಿಸಬಹುದು ಎಂಬಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಎಂದು ಅವರ ಕೈಯಲ್ಲೇ ಒತ್ತಿಸಿ. ಏಕೆ ಒತ್ತಿದೆವು ಎಂದು ವಿವರಿಸಿ. ರಾತ್ರಿ ಫೋನ್ ಚಾರ್ಜ್‌ಗೆ ಹಾಕುವುದು ಹಾಲ್‌ನಲ್ಲಿ, ನಿಮ್ಮದೂ ಅಲ್ಲೇ. ಆರು ತಿಂಗಳಿಗೊಮ್ಮೆ ಒಂದು ಕಟ್ಟು ಸಡಿಲಿಸಿ. ಅದನ್ನೂ ಮೊದಲೇ ಹೇಳಿರಿ, ಆಗ ಮಗುವಿಗೆ ಜವಾಬ್ದಾರಿ ತೋರಿಸಲು ಕಾರಣ ಸಿಗುತ್ತದೆ.

ಗೇಮ್ ಬಗ್ಗೆ ಎರಡು ಮಾತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. ಆದರೆ ಬಟ್ಟೆ, ಬಂದೂಕು, ಡೈಮಂಡ್ ಕೊಳ್ಳುವ ಆಟಗಳು ಅದರಲ್ಲಿ ಬರುವುದಿಲ್ಲ. ಖರೀದಿಗಿಂತಲೂ ಜಾಸ್ತಿ ಗಮನ ಬೇಕಾಗಿರುವುದು ಗೇಮ್‌ನೊಳಗಿನ ಮಾತುಕತೆಗೆ. ವಾಯ್ಸ್ ಚಾಟ್‌ನಲ್ಲಿ ಆ ಕಡೆ ಇರುವವರ ವಯಸ್ಸು ಯಾರಿಗೂ ಗೊತ್ತಿಲ್ಲ. ಹೆಡ್‌ಫೋನ್ ಇಲ್ಲದೆ, ಹಾಲ್‌ನಲ್ಲೇ ಆಡಲಿ.

ಶಾಲೆಯ ಜೊತೆ ಏನು ಕೇಳಬೇಕು

ಮನೆಯಲ್ಲಿ ಎಷ್ಟು ಕಟ್ಟುನಿಟ್ಟು ಮಾಡಿದರೂ ಹೋಮ್‌ವರ್ಕ್ ವಾಟ್ಸಾಪ್‌ನಲ್ಲಿ ಬರುತ್ತಿದ್ದರೆ ಎಲ್ಲ ನೀರುಪಾಲು. ಹೋಮ್‌ವರ್ಕ್ ತಿಳಿಸಲು ಶಾಲೆಗಳಲ್ಲಿ ಮೂರು ದಾರಿ ಕಾಣುತ್ತವೆ: ಡೈರಿ, ಶಾಲೆಯದೇ ಆಪ್, ವಾಟ್ಸಾಪ್ ಗ್ರೂಪ್. ಪ್ರೈಮರಿಗೆ ಡೈರಿಯನ್ನು ಮೀರಿಸಿದ್ದು ಇಲ್ಲ. ಆಪ್ ಆದರೆ ಪೋಷಕರ ಫೋನಿಗೆ ಬರುತ್ತದೆ, ಪರವಾಗಿಲ್ಲ. ವಾಟ್ಸಾಪ್ ಗ್ರೂಪೇ ಬೇಕೆಂದರೆ ಪೋಷಕರ ನಂಬರ್ ಮಾತ್ರ ಇರಲಿ, ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಇರಲಿ. ಮಕ್ಕಳು ತಾವೇ ಮಾಡಿಕೊಳ್ಳುವ ‘ಮಿಸ್ ಇಲ್ಲದ ಗ್ರೂಪ್’ ಏಳನೇ ಕ್ಲಾಸಿನ ಹೊತ್ತಿಗೆ ಬಂದೇ ಬರುತ್ತದೆ. ಒಬ್ಬ ಹುಡುಗನ ಫೋಟೋಗೆ ಕಿವಿ, ಬಾಲ ಅಂಟಿಸಿ ಎಲ್ಲರೂ ನಗುವುದು ಅಲ್ಲೇ. ಅದರಲ್ಲಿ ಇರಬೇಡ ಎನ್ನುವುದಕ್ಕಿಂತ, ಯಾರನ್ನಾದರೂ ಹೀಗೆ ಗೋಳು ಹೊಯ್ದುಕೊಂಡಾಗ ನೀನು ಏನು ಮಾಡುತ್ತೀಯ ಎಂದು ಕೇಳುವುದು ಜಾಸ್ತಿ ಉಪಯೋಗ.

ಫೋನ್ ಶಾಲೆಗೆ ತರಬಾರದು, ತಂದು ಆಫೀಸಿನಲ್ಲಿ ಕೊಡಬೇಕು, ಬ್ಯಾಗಿನಲ್ಲಿ ಆಫ್ ಆಗಿರಬೇಕು. ಈ ಮೂರರಲ್ಲಿ ನಮ್ಮ ಊರಿಗೆ ಎರಡನೆಯದೇ ಸರಿ ಎಂದು ನನ್ನ ಅನಿಸಿಕೆ. ಮಳೆ ಬಂದು ಸಿಲ್ಕ್ ಬೋರ್ಡ್‌ನಲ್ಲಿ ವ್ಯಾನ್ ನಿಂತ ಸಂಜೆ ಮಗುವಿನ ಹತ್ತಿರ ಫೋನ್ ಇರಲಿ ಎನ್ನುವ ಪೋಷಕರ ಆಸೆ ತಪ್ಪಲ್ಲ. ಬ್ಯಾಗಿನಲ್ಲಿ ಆಫ್ ಎನ್ನುವುದು ಮಾತ್ರ ಹೆಸರಿಗಷ್ಟೇ, ಟಾಯ್ಲೆಟ್‌ನಲ್ಲಿ ಆನ್ ಆಗುತ್ತದೆ.

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಅಂಕಗಳ ಮಾತು ಮುಗಿದ ಮೇಲೆ ಇವನ್ನೂ ಕೇಳಿ. ಆನ್ಯುಯಲ್ ಡೇ ಫೋಟೋ ಹಾಕುವ ಮುಂಚೆ ನಮ್ಮ ಒಪ್ಪಿಗೆ ಕೇಳುತ್ತೀರಾ? ಯೂನಿಫಾರ್ಮ್, ಬ್ಯಾಡ್ಜ್, ಹೆಸರು ಎಲ್ಲ ಕಾಣುವ ಫೋಟೋ ಅಪರಿಚಿತರಿಗೆ ಬೇಕಾದಷ್ಟು ಮಾಹಿತಿ ಕೊಡುತ್ತದೆ. ಶಾಲೆ ಕೊಟ್ಟ ಖಾತೆಯ ಪಾಸ್‌ವರ್ಡನ್ನು ಮಕ್ಕಳಿಂದ ಬದಲಿಸಿಸಿದ್ದೀರಾ? ಆನ್‌ಲೈನ್‌ನಲ್ಲಿ ಯಾರಾದರೂ ಕಾಡಿದರೆ ಮಗು ಯಾವ ಟೀಚರ್ ಹತ್ತಿರ ಹೋಗಬೇಕು? ಕೊನೆಯ ಪ್ರಶ್ನೆಗೆ ಒಬ್ಬರ ಹೆಸರು ಹೇಳದ ಶಾಲೆಯಲ್ಲಿ ಇನ್ನಷ್ಟು ಪಟ್ಟು ಹಿಡಿದು ಕೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಕಡ್ಡಾಯ. ಆನ್‌ಲೈನ್‌ನಲ್ಲಿ ಆದದ್ದೂ ಇದಕ್ಕೆ ಸೇರುತ್ತದೆ. ‘ಶಾಲೆ ಹೆಸರು ಹಾಳಾಗುತ್ತೆ, ಒಳಗೇ ಮುಗಿಸೋಣ’ ಎನ್ನಲು ಯಾವ ಪ್ರಿನ್ಸಿಪಾಲರಿಗೂ ಹಕ್ಕಿಲ್ಲ.

ಎಡವಟ್ಟಾದಾಗ ಯಾವ ಬಾಗಿಲು ತಟ್ಟಬೇಕು

ಮೊದಲು ಮಾಡಬಾರದ್ದು: ಫೋನ್ ಕಿತ್ತುಕೊಳ್ಳುವುದು, ಬೈಯುವುದು. ಹೇಳಿದ್ದಕ್ಕೆ ಶಿಕ್ಷೆ ಸಿಕ್ಕಿತು ಎಂದು ಮಗುವಿಗೆ ಅನಿಸಿದರೆ ಎರಡನೇ ಸಲ ಹೇಳುವುದಿಲ್ಲ. ‘ಫೋಟೋ ಎಲ್ಲರಿಗೂ ಕಳಿಸ್ತೀನಿ, ದುಡ್ಡು ಕೊಡು’ ಎಂದು ಹೆದರಿಸುವವರು ನಂಬಿಕೊಂಡಿರುವುದೇ ಈ ಭಯವನ್ನು. ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಅವರ ಪ್ರೊಫೈಲ್, ನಂಬರ್, ಯುಪಿಐ ಐಡಿ, ಬೆದರಿಕೆಯ ಮೆಸೇಜ್ ಇವುಗಳ ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಚಾಟ್ ಅಳಿಸಬೇಡಿ. ಮಗುವಿನ ಖಾಸಗಿ ಚಿತ್ರವನ್ನು ಮಾತ್ರ ಸಾಕ್ಷಿಗೆಂದೂ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅದೇ ಒಂದು ಅಪರಾಧವಾಗುತ್ತದೆ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಎಷ್ಟು ಬೇಗ ಕರೆ ಮಾಡುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ಬೆದರಿಕೆ, ಚಿತ್ರ, ಕಿರುಕುಳಕ್ಕೆ ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮಕ್ಕಳಿಗೆ, ಹೆಂಗಸರಿಗೆ ಸಂಬಂಧಿಸಿದ ದೂರುಗಳಿಗೆ ಅಲ್ಲಿ ಬೇರೆ ವಿಭಾಗವೇ ಇದೆ. ನೇರವಾಗಿ ಹೋಗುವುದಾದರೆ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. ಅದು ದೂರವಾದರೆ ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. ಮಗು ಅಪಾಯದಲ್ಲಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಎನ್ನದೆ ಸಿಗುತ್ತದೆ. ಮಕ್ಕಳಿಗೆ ಈ ನಂಬರನ್ನು ಬಾಯಿಪಾಠ ಮಾಡಿಸಿ, ಅವರೇ ಕರೆ ಮಾಡಬಹುದು.

ಚಿತ್ರ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. 18 ತುಂಬುವ ಮುಂಚೆ ತೆಗೆದ ಚಿತ್ರಗಳಿಗೆ ಇದು. ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಅದನ್ನು ಹಿಡಿದು ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳು ತಮ್ಮಲ್ಲಿ ಆ ಚಿತ್ರ ಸಿಕ್ಕರೆ ತೆಗೆಯುತ್ತವೆ. ವಾಟ್ಸಾಪ್‌ನ ಖಾಸಗಿ ಚಾಟ್ ಒಳಗೆ ಇದರ ಕೈ ಹೋಗದು.

ಅಪರಾಧ ಏನೂ ಇಲ್ಲ, ಆದರೆ ಮಗು ಫೋನ್ ಬಿಡುತ್ತಲೇ ಇಲ್ಲ, ನಿದ್ದೆ ಇಲ್ಲ, ಕಿತ್ತುಕೊಂಡರೆ ಮನೆಯೇ ರಣರಂಗ ಎನ್ನುವವರು ಪೊಲೀಸರ ಹತ್ತಿರ ಹೋಗಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್, ಇಂಟರ್ನೆಟ್ ಅತಿಯಾದವರಿಗೆಂದೇ 2014ರಿಂದ ‘ಶಟ್ ಕ್ಲಿನಿಕ್’ ನಡೆಯುತ್ತಿದೆ. ಎಲ್ಲೆಲ್ಲಿಂದಲೋ ಜನ ಅದಕ್ಕೆಂದು ಬೆಂಗಳೂರಿಗೆ ಬರುತ್ತಾರೆ, ನಮಗೆ ಊರಿನಲ್ಲೇ ಇದೆ. ಹೋಗುವ ಮುಂಚೆ ಫೋನ್ ಮಾಡಿ ದಿನ, ಸಮಯ ಕೇಳಿಕೊಳ್ಳಿ. ಮಗುವಿಗೆ ‘ಕಣ್ಣು ತೋರಿಸೋಕೆ ಹೋಗೋಣ’ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಎಲ್ಲಿಗೆ, ಏಕೆ ಎಂದು ಹೇಳಿ. ನಿಮ್ಮ ಫೋನ್ ಬಳಕೆಯ ಬಗ್ಗೆಯೂ ಅಲ್ಲಿ ಕೇಳಬಹುದು, ಉತ್ತರ ಕೊಡಲು ತಯಾರಾಗಿ ಹೋಗಿ.